ಕಲ್ಲುತೊಟ್ಟಿಯ ಗಪ್ಪಿಗಳು

ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಹಿತ್ತಿಲು ಉಳಿಸಿಕೊಂಡವು ಈಗ ಬೆರಳೆಣಿಕೆಯಷ್ಟು. ಅಂಥ ಹಿತ್ತಿಲಿನಲ್ಲಿ ಒಂದು ತೆಂಗಿನ ಮರ, ಒಂದು ಒಗೆಯುವ ಕಲ್ಲು, ಅದರ ಪಕ್ಕದಲ್ಲಿ ಒಂದು ಕಲ್ಲುತೊಟ್ಟಿ ಸಾಮಾನ್ಯವಾಗಿ ಇದ್ದೇ ಇರುತ್ತವೆ. ನಾನು ಬಹುಕಾಲದಿಂದ ನೋಡುತ್ತ ಬಂದಿರುವ ತೊಟ್ಟಿ ಒಂದೇ ಕಲ್ಲಿನಲ್ಲಿ ಕಡೆದದ್ದು. ಮೊಣಕಾಲೆತ್ತರ, ಒಂದು ಮಾರಿನಷ್ಟು ಉದ್ದ. ಒಳಮೈಗೆಲ್ಲ ಹಸಿರು ಪಾಚಿ ಹತ್ತಿದೆ, ತಳದಲ್ಲಿ ಕೊಳೆತ ಎಲೆಯ ಕೆಸರಿದೆ. ಈ ನೀರಿನಲ್ಲಿ ಗಪ್ಪಿ ಮೀನುಗಳು ತಲೆಮಾರುಗಳಿಂದ ಬಾಳುತ್ತಿವೆ. ಮನೆಯವರು ಅವಕ್ಕೆ ಕಾಳು ಹಾಕುವುದಿಲ್ಲ, ಅಪರೂಪಕ್ಕಲ್ಲದೆ ತೊಟ್ಟಿ ಬಳಿಯುವುದಿಲ್ಲ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಒಂದೆರಡು ಬಿಂದಿಗೆ ಸುರಿಯುತ್ತಾರೆ, ಅದೂ ಹಿಂದಿನ ದಿನವೇ ಹಿಡಿದಿಟ್ಟ ನೀರು. ನಲ್ಲಿಯಿಂದ ಆಗತಾನೆ ಬಂದ ನೀರಿನ ಕ್ಲೋರಿನ್ ಮೀನಿಗೆ ಆಗಿಬರುವುದಿಲ್ಲ.

ಗಪ್ಪಿ ಪೊಯಿಸಿಲಿಯ ಎಂಬ ಕುಲದ ಮೀನು. 1801ರಲ್ಲಿ ಬ್ಲಾಕ್ ಮತ್ತು ಷ್ನೈಡರ್ ಹೆಸರಿಟ್ಟ ಈ ಕುಲದಲ್ಲಿ ಸುಮಾರು 40 ಪ್ರಭೇದಗಳಿವೆ. ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ಮಾಲಿ ಮೀನುಗಳೂ ಇದೇ ಕುಲದವು. ಎಲ್ಲವುಗಳ ತವರೂ ಅಮೆರಿಕ ಖಂಡಗಳೇ. ಏಷ್ಯಾದಲ್ಲಿ ಇವು ತಾವಾಗಿ ಹುಟ್ಟಿ ಬೆಳೆದ ಒಂದು ಹಳ್ಳವೂ ಇಲ್ಲ. ಇವು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಈ ಕುಲದಲ್ಲೇ ಫಾರ್ಮೋಸ ಎಂಬ ಪ್ರಭೇದವೊಂದಿದೆ. ಅದರಲ್ಲಿ ಗಂಡೇ ಇಲ್ಲ, ಇಡೀ ಪ್ರಭೇದವೇ ಹೆಣ್ಣು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಂಥದ್ದೂ ಉಂಟೆಂದು 1932ರಲ್ಲಿ ಮೊದಲು ಗೊತ್ತಾದದ್ದು ಆ ಮೀನಿನಿಂದ. ನಮ್ಮ ತೊಟ್ಟಿಯಲ್ಲಿರುವುದು ಪೊಯಿಸಿಲಿಯ ರೆಟಿಕ್ಯುಲೇಟ. ಟ್ರಿನಿಡಾಡ್, ವೆನಿಜುವೆಲಾ, ಗಯಾನ, ಸುರಿನಾಮ್ ಕಡೆಯ ಹಳ್ಳಕೊಳ್ಳಗಳ ಮೀನು. ಅದನ್ನು 1859ರಲ್ಲಿ ವಿಲ್ಹೆಲ್ಮ್ ಪೀಟರ್ಸ್ ಮೊದಲಿಗೆ ವರ್ಣಿಸಿದ. 1866ರಲ್ಲಿ ಟ್ರಿನಿಡಾಡಿನಿಂದ ಲಂಡನ್ನಿನ ಮ್ಯೂಸಿಯಮ್ಮಿಗೆ ಮಾದರಿಗಳನ್ನು ಕಳಿಸಿದ ಲೆಚ್‌ಮಿಯರ್ ಗಪ್ಪಿಯ ಹೆಸರು ಜನರ ಬಾಯಲ್ಲಿ ಉಳಿದುಬಿಟ್ಟಿತು.

ತೊಟ್ಟಿಯ ಮೀನು ನೋಡಲು ಬೆಳಿಗ್ಗೆ ಎಂಟರ ಹೊತ್ತು ಒಳ್ಳೆಯದು. ಬಿಸಿಲು ಓರೆಯಾಗಿ ಬಿದ್ದು ನೀರು ತಳದವರೆಗೆ ಕಾಣುತ್ತದೆ. ನಮ್ಮ ನೆರಳು ನೀರಿನ ಮೇಲೆ ಬಿದ್ದರೆ ಎಲ್ಲವೂ ಚದುರಿ ತಳ ಸೇರುತ್ತವೆ. ಆದ್ದರಿಂದ ಸೂರ್ಯನಿಗೆ ಮುಖ ಮಾಡಿ, ಅಲುಗದೆ ಕೂರಬೇಕು. ಸ್ವಲ್ಪ ಹೊತ್ತಿಗೆ ಹೆಣ್ಣುಗಳು ಮೇಲೆ ಬರುತ್ತವೆ, ಅವುಗಳ ಬೆನ್ನಿಗೇ ಗಂಡುಗಳು. ಮರಿಗಳು ಮಾತ್ರ ಪಾಚಿಯ ಅಂಚು ಬಿಟ್ಟು ಬರುವುದಿಲ್ಲ. ಹೆಣ್ಣು ದೊಡ್ಡದು, ಐದಾರು ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಮೈಬಣ್ಣ ಬೂದು, ಹುರುಪೆಗಳ ಅಂಚಿನಲ್ಲಿ ಸಣ್ಣ ಬಲೆಯಂಥ ಗೆರೆ. ಗಂಡು ಮೂರು ಸೆಂಟಿಮೀಟರ್ ಇದ್ದರೆ ಹೆಚ್ಚು. ಆದರೆ ಬಣ್ಣವೆಲ್ಲ ಅದರದೇ. ಪಕ್ಕೆಯ ಮೇಲೆ ಕಿತ್ತಳೆ ಮಚ್ಚೆ, ಕಪ್ಪು ಚುಕ್ಕೆ, ತಿರುಗಿದಾಗ ಮಾತ್ರ ಹೊಳೆಯುವ ನೀಲಿ, ಹಸಿರು. ಒಂದು ಗಂಡಿನ ಮಚ್ಚೆಯ ಜೋಡಣೆ ಇನ್ನೊಂದಕ್ಕಿಲ್ಲ. ನೋಡಿ ನೋಡಿ ಅಭ್ಯಾಸವಾದರೆ ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸಬಹುದು.

ಮಚ್ಚೆಗಳಿಗೆ ವಿಜ್ಞಾನದ ಚರಿತ್ರೆಯಲ್ಲೂ ಒಂದು ಸ್ಥಾನವಿದೆ. ಹಾವುಮೀನುಗಳ ಹುಟ್ಟಿನ ಜಾಡು ಹಿಡಿದು ಅಟ್ಲಾಂಟಿಕ್ ಸಾಗರವನ್ನೆಲ್ಲ ಜಾಲಾಡಿದ ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್, 1920ರಲ್ಲಿ ಗಪ್ಪಿ ಗಂಡಿನ ಬೆನ್ನುರೆಕ್ಕೆಯ ಒಂದು ಕಪ್ಪು ಚುಕ್ಕೆ ಅಪ್ಪನಿಂದ ಮಗನಿಗೆ ಮಾತ್ರ ಇಳಿದುಬರುವುದನ್ನು ಕಂಡುಕೊಂಡ. ಅದು ವೈ ವರ್ಣತಂತುವಿನ ಮೇಲೆ ಕೂತ ಗುಣ ಎಂಬುದನ್ನು ಅದೇ ದೇಶದ ವಿಂಗೆ ಮುಂದೆ ವಿವರಿಸಿದ. ನಮ್ಮ ತೊಟ್ಟಿಯಲ್ಲೂ ಬಾಲದ ಬುಡದಲ್ಲಿ ಕಪ್ಪು ಪಟ್ಟೆ ಇದ್ದ ಒಂದು ಗಂಡಿತ್ತು. ಅದು ಕಣ್ಮರೆಯಾದ ಮೇಲೂ ಅದೇ ಜಾಗದಲ್ಲಿ ಅದೇ ಪಟ್ಟೆ ಹೊತ್ತ ಎಳೆಯ ಗಂಡುಗಳು ಒಂದಾದ ಮೇಲೊಂದು ಕಾಣಿಸಿಕೊಳ್ಳುತ್ತಲೇ ಇವೆ.

ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ, ಗುದದ ರೆಕ್ಕೆಯ ಮೇಲ್ಗಡೆ, ಒಂದು ಕಪ್ಪು ಮಚ್ಚೆ ಇರುತ್ತದೆ. ಬಸಿರು ಬೆಳೆದಂತೆಲ್ಲ ಅದು ಹಿಗ್ಗಿ ಕಡುಗಪ್ಪಾಗುತ್ತದೆ. ಮೂರು ನಾಲ್ಕು ವಾರಕ್ಕೆ ಮರಿಯಾಗುವ ಹೊತ್ತು ಬಂದಾಗ ಹೊಟ್ಟೆ ಚೌಕಾಕಾರವಾಗಿ ಉಬ್ಬಿ, ಮಚ್ಚೆಯೊಳಗೆ ಮರಿಗಳ ಕಣ್ಣುಗಳೇ ಚುಕ್ಕೆಚುಕ್ಕೆಯಾಗಿ ಕಾಣುತ್ತವೆ. ಆಗ ಅದು ಗುಂಪು ಬಿಟ್ಟು ಪಾಚಿ ದಟ್ಟವಾಗಿರುವ ಮೂಲೆಗೆ ಹೋಗಿ, ಕಲ್ಲಿಗೆ ಮೈ ತಾಗಿಸಿಕೊಂಡು ನಿಲ್ಲುತ್ತದೆ. ಮರಿ ಮಡಚಿದ ಸ್ಥಿತಿಯಲ್ಲೇ ಹೊರಬರುತ್ತದೆ, ಬಾಲದ ತುದಿ ತಲೆಗೆ ತಾಗಿರುತ್ತದೆ. ಹೊರಬಿದ್ದೊಡನೆ ಸೆಟೆದು ನೆಟ್ಟಗಾಗಿ ತಳಕ್ಕೆ ಮುಳುಗುತ್ತದೆ. ಕೆಸರಿನ ಮೇಲೆ ಒಂದು ಗಳಿಗೆ ಬಿದ್ದಿದ್ದು, ನಂತರ ಓರೆಕೋರೆಯಾಗಿ ಮೇಲಕ್ಕೆ ಈಜುತ್ತದೆ. ಹುಟ್ಟುವಾಗಲೇ ಕಣ್ಣು, ಬಾಯಿ, ರೆಕ್ಕೆ ಎಲ್ಲ ತಯಾರು. ಒಂದು ಸೂಲಿಗೆ ಹತ್ತಿಪ್ಪತ್ತರಿಂದ ಹಿಡಿದು ಐವತ್ತರವರೆಗೂ ಮರಿಗಳಾಗುತ್ತವೆ. ಪಾಚಿಯ ಮರೆ ಸೇರದ ಮರಿಗಳನ್ನು ಹೆತ್ತ ತಾಯಿಯೇ ತಿನ್ನುತ್ತದೆ. ಆದ್ದರಿಂದ ತೊಟ್ಟಿಯನ್ನು ತಿಕ್ಕಿ ತೊಳೆದ ವರ್ಷ ಮೀನು ಕಡಿಮೆ, ಪಾಚಿ ಬಿಟ್ಟ ವರ್ಷ ಮೀನು ಹೆಚ್ಚು.

ಗಂಡಿನ ಗುದದ ರೆಕ್ಕೆ ಕಡ್ಡಿಯಂತೆ ಉದ್ದವಾಗಿ ಬೆಳೆದಿರುತ್ತದೆ. ವೀರ್ಯವನ್ನು ಹೆಣ್ಣಿನೊಳಕ್ಕೆ ದಾಟಿಸುವುದು ಅದೇ. ಗಂಡು ಹೆಣ್ಣಿನ ಎದುರಿಗೆ ಬಂದು ಮೈಯನ್ನು ಕೊಂಕಿಸಿ, ರೆಕ್ಕೆಗಳನ್ನೆಲ್ಲ ಬಿಚ್ಚಿ, ಥರಥರ ನಡುಗಿಸುತ್ತದೆ. ಹೆಣ್ಣು ಒಲ್ಲದೆ ಮುಂದೆ ಹೋದರೆ ಸುತ್ತುಹಾಕಿ ಮತ್ತೆ ಎದುರಿಗೆ ಬರುತ್ತದೆ. ಅದೂ ಆಗದಿದ್ದರೆ ಹಿಂದಿನಿಂದ ಕದ್ದು ಬರುತ್ತದೆ. ಈ ಓಡಾಟ ಬೆಳಗಿನಿಂದ ಸಂಜೆಯವರೆಗೂ ನಿಲ್ಲುವುದಿಲ್ಲ. ಒಮ್ಮೆ ಕೂಡಿದ ಹೆಣ್ಣು ಆ ವೀರ್ಯವನ್ನು ತಿಂಗಳುಗಟ್ಟಲೆ ತನ್ನೊಳಗೇ ಕಾಪಿಟ್ಟುಕೊಂಡು, ಮತ್ತೆ ಗಂಡಿನ ಮುಖ ಕಾಣದೆಯೇ ಸೂಲಿನ ಮೇಲೆ ಸೂಲು ಮರಿ ಹಾಕಬಲ್ಲದು. ಇದನ್ನು ನೆನಪಿಟ್ಟುಕೊಳ್ಳಬೇಕು. ಈ ಮೀನಿನ ಒಳ್ಳೆಯದೂ ಕೆಟ್ಟದ್ದೂ ಇಲ್ಲಿಂದಲೇ ಹೊರಡುತ್ತವೆ.

ಹಿತ್ತಿಲಿನಲ್ಲಿ ತೊಟ್ಟಿಗೆ ಒತ್ತಿಕೊಂಡು ಕನಕಾಂಬರದ ಗಿಡಗಳಿವೆ. ಬಾಡಿದ ಹೂ ಉದುರಿ ನೀರಿಗೆ ಬಿದ್ದರೆ ಮೀನುಗಳು ಅದರ ಸುತ್ತ ನೆರೆಯುತ್ತವೆ. ಎಸಳಿಗೆ ಬಾಯಿ ಹಾಕಿ ಎಳೆಯುತ್ತವೆ, ಬಿಡುತ್ತವೆ, ಮತ್ತೆ ಎಳೆಯುತ್ತವೆ. ಹೂವು ನೀರಿನ ಮೇಲೆ ತಾನೇ ನಡೆಯುತ್ತಿದೆಯೋ ಎಂಬಂತೆ ಜರುಗುತ್ತ ಹೋಗುತ್ತದೆ. ಬಿಳಿಯ ಮಲ್ಲಿಗೆಯನ್ನು ಅದೇ ಜಾಗದಲ್ಲಿ ಬಿಟ್ಟು ನೋಡಿದ್ದೇನೆ. ಒಂದೆರಡು ಮೀನು ಬಂದು ಮೂಸಿ ಹಿಂದಿರುಗುತ್ತವೆ, ಅಷ್ಟೆ. ಟ್ರಿನಿಡಾಡಿನ ಹಳ್ಳಗಳಲ್ಲೂ ಹೀಗೆಯೇ. ಅಲ್ಲಿ ಹಳ್ಳಕ್ಕೆ ಉದುರುವ ಒಂದು ಕಾಡುಮರದ ಕಿತ್ತಳೆ ಬಣ್ಣದ ಹಣ್ಣಿಗೆ ಗಪ್ಪಿಗಳು ಮುಗಿಬೀಳುತ್ತವೆ. ಹೆಲೆನ್ ರಾಡ್ ಮತ್ತು ಸಂಗಡಿಗರು ಬಣ್ಣಬಣ್ಣದ ಬಿಲ್ಲೆಗಳನ್ನು ನೀರಿಗಿಳಿಸಿ ಪರೀಕ್ಷಿಸಿದಾಗ ಮೀನುಗಳು ಕಿತ್ತಳೆ ಬಿಲ್ಲೆಯನ್ನೇ ಹೆಚ್ಚು ಕುಕ್ಕಿದವು. ಯಾವ ಹಳ್ಳದ ಮೀನು ಕಿತ್ತಳೆ ಬಿಲ್ಲೆಗೆ ಹೆಚ್ಚು ಮನಸೋಲುತ್ತದೋ ಆ ಹಳ್ಳದ ಹೆಣ್ಣುಗಳಿಗೆ ಕಿತ್ತಳೆ ಮಚ್ಚೆಯ ಗಂಡಿನ ಮೇಲೂ ಒಲವು ಹೆಚ್ಚು ಎಂದು ಅವರು 2002ರಲ್ಲಿ ಬರೆದರು. ಗಂಡಿನ ಕಿತ್ತಳೆ ಬಣ್ಣಕ್ಕೂ ಉಣ್ಣುವ ಪಾಚಿ ಬೇಕು. ಅದರಲ್ಲಿರುವ ಕೆರೋಟಿನಾಯ್ಡ್‌ಗಳನ್ನು ಮೀನಿನ ಮೈ ತಾನಾಗಿ ತಯಾರಿಸಲಾರದು. ಬಿಸಿಲು ಬೀಳುವ ನಮ್ಮ ತೊಟ್ಟಿಯ ಪಾಚಿ, ಮರಿಗಳಿಗೆ ಮರೆಯೂ ಹೌದು, ಗಂಡುಗಳಿಗೆ ಬಣ್ಣವೂ ಹೌದು.

ಬಣ್ಣಕ್ಕೆ ಬೆಲೆ ತೆರಬೇಕು. ಹೆಣ್ಣಿನ ಕಣ್ಣಿಗೆ ಬಿದ್ದಂತೆ ಅದು ಬೇಟೆಗಾರನ ಕಣ್ಣಿಗೂ ಬೀಳುತ್ತದೆ. ಟ್ರಿನಿಡಾಡಿನ ಹಳ್ಳಗಳಲ್ಲಿ ಜಲಪಾತದ ಕೆಳಗೆ ದೊಡ್ಡ ಬೇಟೆಮೀನುಗಳಿವೆ, ಮೇಲುಗಡೆ ಅವು ಹತ್ತಲಾರವು. ಕೆಳಗಿನ ಗಪ್ಪಿ ಗಂಡುಗಳು ಮಂಕು, ಮೇಲಿನವು ಬಣ್ಣದವು. ಜಾನ್ ಎಂಡ್ಲರ್ 1976ರಲ್ಲಿ ಕೆಳಗಿನ ಮೀನುಗಳನ್ನು ಹಿಡಿದು, ಗಪ್ಪಿಯೂ ದೊಡ್ಡ ಬೇಟೆಮೀನೂ ಇಲ್ಲದ ಒಂದು ತೊರೆಗೆ ಬಿಟ್ಟ. ಎರಡು ವರ್ಷದೊಳಗೇ ಅವುಗಳ ಸಂತಾನದ ಗಂಡುಗಳಲ್ಲಿ ಮಚ್ಚೆ ಹೆಚ್ಚಿತ್ತು, ಬಣ್ಣ ಏರಿತ್ತು. ಲಕ್ಷಾಂತರ ವರ್ಷ ಬೇಕೆಂದು ನಾವು ತಿಳಿದಿದ್ದ ನಿಸರ್ಗದ ಆಯ್ಕೆ ಒಬ್ಬ ಮನುಷ್ಯನ ಕಣ್ಣೆದುರೇ ನಡೆದಿತ್ತು. 1980ರಲ್ಲಿ ಅಚ್ಚಾದ ಆ ಬರಹ ಇಂದಿಗೂ ಜೀವವಿಜ್ಞಾನದ ಪಾಠಗಳಲ್ಲಿ ಬರುತ್ತದೆ. ಚಾಮರಾಜಪೇಟೆಯ ತೊಟ್ಟಿಯಲ್ಲಿ ಬೇಟೆಮೀನಿಲ್ಲ. ಮಳೆಗಾಲ ಕಳೆದ ಮೇಲೆ ಏರೋಪ್ಲೇನ್ ಚಿಟ್ಟೆ ಇಟ್ಟ ಮೊಟ್ಟೆಗಳಿಂದ ಹೊರಬಂದ ಮರಿಹುಳಗಳು ಕೆಸರಿನಲ್ಲಿ ಹೂತು ಕೂತಿರುತ್ತವೆ, ಕೆಳತುಟಿಯನ್ನು ಸರಕ್ಕನೆ ಚಾಚಿ ಮೀನಿನ ಮರಿ ಹಿಡಿಯುತ್ತವೆ. ಬೆಳೆದ ಗಂಡಿಗೆ ಅಂಥ ಭಯವಿಲ್ಲ. ಇಲ್ಲಿನ ಗಂಡುಗಳು ಢಾಳಾಗಿ ಬಣ್ಣ ಹೊತ್ತು ತಿರುಗುವುದನ್ನು ನೋಡುವಾಗಲೆಲ್ಲ ಜಲಪಾತದ ಮೇಲಿನ ಆ ತೊರೆ ನೆನಪಾಗುತ್ತದೆ.

ಇಷ್ಟು ದೂರದ ಮೀನು ಬೆಂಗಳೂರಿನ ಒಗೆಯುವ ಕಲ್ಲಿನ ಪಕ್ಕಕ್ಕೆ ಬಂದದ್ದು ಸೊಳ್ಳೆಯಿಂದಾಗಿ. ಸೊಳ್ಳೆಗೂ ನಿಂತ ನೀರಿಗೂ ಇರುವ ನಂಟು ಈ ಊರಿನಲ್ಲಿ ಒಬ್ಬ ತರುಣ ವೈದ್ಯನ ಕಣ್ಣಿಗೆ ಬಿದ್ದಿತ್ತು. ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ಅವನ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಗಳು ತುಂಬಿರುವುದನ್ನು ಕಂಡು ಅದನ್ನು ಉರುಳಿಸಿದ, ಕಾಟ ಇಳಿಯಿತು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ಅವನು ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು ಅದಾದ 14 ವರ್ಷದ ಮೇಲೆ, 1897ರ ಆಗಸ್ಟ್ 20ರಂದು.

ಉರುಳಿಸಲಾಗದ ನೀರಿಗೆ ಮೀನು ಬೇಕಾಯಿತು. ಗಪ್ಪಿ ಭಾರತಕ್ಕೆ 1910ರ ಸುಮಾರಿಗೇ ಬಂದಿತ್ತು. 1928ರಲ್ಲಿ ಡಾ. ಬಿ. ಎ. ರಾವ್ ಇಟಲಿಯಿಂದ ಗ್ಯಾಂಬೂಸಿಯ ಎಂಬ ಇನ್ನೊಂದು ಮೀನು ತರಿಸಿದರು. ಅದೂ ಮರಿ ಹಾಕುವ ಅಮೆರಿಕದ ಮೀನೇ, ಗಪ್ಪಿಯ ದಾಯಾದಿ. ಅಮೆರಿಕದಿಂದ 1921ರಲ್ಲಿ ಸ್ಪೇನಿಗೂ ಅಲ್ಲಿಂದ ಮರುವರ್ಷ ಇಟಲಿಗೂ ಹೋಗಿತ್ತು. ರಾವ್ ಮತ್ತು ರಾಕ್‌ಫೆಲರ್ ಫೌಂಡೇಶನ್ನಿನ ಸ್ವೀಟ್ ಮೈಸೂರು ಸಂಸ್ಥಾನದಲ್ಲಿ ಮಲೇರಿಯಾ ಕುರಿತು ಒಟ್ಟಿಗೆ ದುಡಿದವರು. ಅನಾಫಿಲಿಸ್ ಸ್ಟೀಫೆನ್ಸೀ ಎಂಬ ಸೊಳ್ಳೆಯ ಮೊಟ್ಟೆಗಳ ಪಕ್ಕದ ತೇಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು, ಅದರಲ್ಲಿ ಎರಡು ಬಗೆಗಳಿವೆಯೆಂದು 1937ರಲ್ಲಿ ತೋರಿಸಿದರು. ಒಂದಕ್ಕೆ ಮೈಸೂರಿನ ಹೆಸರೇ ಉಳಿದಿದೆ. ಅದು ಹಳ್ಳಿಯ ಕಡೆ ಹೆಚ್ಚು, ದನಕರುಗಳ ರಕ್ತಕ್ಕೆ ಎರಗುವಂಥದ್ದು. ಇನ್ನೊಂದು ಪೇಟೆಯ ಸೊಳ್ಳೆ. ಬಾವಿ, ತೊಟ್ಟಿ, ಟ್ಯಾಂಕುಗಳಲ್ಲಿ ಮರಿ ಮಾಡಿ ಊರೊಳಗೆ ಮಲೇರಿಯಾ ಹಬ್ಬಿಸುವುದು ಅದೇ.

ಅಂಥ ಬಾವಿಯೊಂದು ಮಾಮೂಲ್‌ಪೇಟೆಯಲ್ಲಿದೆ. ಚಿಕ್ಕಪೇಟೆಯಿಂದ ಒಳಕ್ಕೆ ತಿರುಗಿ, ಸಗಟು ಅಂಗಡಿಗಳ ಮುಂದೆ ಮೂಟೆ ಇಳಿಸುವವರ ನಡುವೆ ದಾರಿ ಮಾಡಿಕೊಂಡು ಹೋದರೆ ಒಂದು ಹಳೆಯ ಮನೆ. ಮುಂಭಾಗವೆಲ್ಲ ಮಳಿಗೆಯಾಗಿದೆ, ಹಿಂದೆ ಸೇದುವ ಬಾವಿ ಉಳಿದಿದೆ. ಮೇಲೆ ಕಬ್ಬಿಣದ ಜಾಲರಿ. ಜಾಲರಿಯ ಬಾಗಿಲು ತೆಗೆದುಕೊಟ್ಟ ಯಜಮಾನರು ಹೇಳಿದರು: "ನಮ್ಮ ತಾತನ ಕಾಲದಲ್ಲಿ ಈ ನೀರಲ್ಲೇ ಅಡುಗೆ ಆಗ್ತಿತ್ತು. ಕಾವೇರಿ ನೀರು ಬಂದ್ಮೇಲೆ ಬಾವೀನ ಕೇಳೋರಿಲ್ಲ. ಮೀನು ಬಿಟ್ಟಿದ್ದಕ್ಕೆ ಸೊಳ್ಳೆ ಕಾಟ ಇಲ್ಲ, ಅದಕ್ಕೇ ಮುಚ್ಚಿಸಿಲ್ಲ." ಟಾರ್ಚಿನ ಬೆಳಕು ಹರಿಸಿದರೆ ನೀರು ಕಪ್ಪಗೆ ನಿಶ್ಚಲವಾಗಿ ಕಾಣುತ್ತದೆ. ಬೆಳಕನ್ನು ಒಂದೇ ಕಡೆ ಹಿಡಿದು ಕಾದರೆ ಕಲ್ಲಿನ ಸಂದಿಗಳಿಂದ ಗಪ್ಪಿಗಳು ಒಂದೊಂದಾಗಿ ಬೆಳಕಿಗೆ ಬರುತ್ತವೆ. ಅಷ್ಟು ಆಳದಲ್ಲಿ ಬಣ್ಣ ಗೊತ್ತಾಗುವುದಿಲ್ಲ, ಗಾತ್ರದಿಂದಲೇ ಗಂಡು ಹೆಣ್ಣು ಗುರುತಿಸಬೇಕು. ಎಲ್ಲವೂ ಗೋಡೆಗೆ ಒತ್ತಿಕೊಂಡೇ ತಿರುಗುತ್ತವೆ. ಅನಾಫಿಲಿಸ್ ಮರಿಗಳು ನೀರಿನ ಮೇಲ್ಮೈಗೆ ಸಮವಾಗಿ ಮಲಗಿ ತೇಲುವುದೂ ಅಂಥ ಅಂಚುಗಳಲ್ಲೇ. ಅಂಗಡಿಯವರು ದಿನವೂ ನೋಡದ, ಬಿಂದಿಗೆಯೂ ಇಳಿಯದ ಈ ನೀರನ್ನು ಕಾಯುವವರು ಈ ಮೀನುಗಳಲ್ಲದೆ ಬೇರೆ ಯಾರೂ ಇಲ್ಲ.

ಸೊಳ್ಳೆಮರಿಯನ್ನು ಗಪ್ಪಿ ಹಿಡಿಯುವ ಬಗೆಯನ್ನು ಚಾಮರಾಜಪೇಟೆಯ ತೊಟ್ಟಿಯ ಬಳಿ ಕೂತು ನೋಡಬೇಕು. ಹೂಕುಂಡದ ತಟ್ಟೆಯಿಂದ ಒಂದು ಲೋಟ ನೀರು ತಂದು ಹೊಯ್ದರೆ ಈಡಿಸ್ ಎಂಬ ಸೊಳ್ಳೆಯ ಮರಿಗಳು ಸಿಗುತ್ತವೆ. ಅವು ಬಾಲದ ತುದಿಯ ಉಸಿರಿನ ಕೊಳವೆಯನ್ನು ಮೇಲ್ಮೈಗೆ ಚುಚ್ಚಿ, ತಲೆ ಕೆಳಗಾಗಿ ಜೋತುಬೀಳುತ್ತವೆ. ಬೆದರಿದರೆ ಕೊಂಕುತ್ತ ತಳಕ್ಕಿಳಿಯುತ್ತವೆ. ಆ ಕೊಂಕುವಿಕೆಯೇ ಅವಕ್ಕೆ ಮುಳುವು. ಅಲುಗದ ಮರಿಯ ಪಕ್ಕದಲ್ಲೇ ಹಾದುಹೋದ ಹೆಣ್ಣು ಗಪ್ಪಿ, ಅದು ಮಿಸುಕಿದ ಕ್ಷಣ ಗಕ್ಕನೆ ತಿರುಗುತ್ತದೆ. ಗಪ್ಪಿಯ ಬಾಯಿ ಮೇಲ್ಮುಖವಾಗಿರುವುದರಿಂದ ಕೆಳಗಿನಿಂದ ಬಂದು ಹಿಡಿಯುವುದು ಅದಕ್ಕೆ ಸುಲಭ. ಎಳೆಯ ಮರಿಯನ್ನು ಒಂದೇ ಗುಕ್ಕಿಗೆ ನುಂಗುತ್ತದೆ. ಬಲಿತದ್ದಾದರೆ ಬಾಲ ಕಚ್ಚಿ ಒದರುತ್ತದೆ, ಉಗುಳುತ್ತದೆ, ಮತ್ತೆ ಕಚ್ಚುತ್ತದೆ. ಗಂಡಿಗೆ ಬಲಿತ ಮರಿ ಬಾಯಿಗೆ ಹಿಡಿಸುವುದಿಲ್ಲ, ಅದರ ಗಮನವೂ ಹೆಣ್ಣಿನ ಮೇಲೆಯೇ. ಗಪ್ಪಿಯೊಂದು ದಿನಕ್ಕೆ 80ರಿಂದ 100 ಮರಿ ತಿನ್ನುತ್ತದೆಂದು ಆರೋಗ್ಯ ಇಲಾಖೆಗಳ ಕೈಪಿಡಿಗಳು ಹೇಳುತ್ತವೆ. ಹೊಟ್ಟೆ ತುಂಬಿದ ಮೇಲೆ ಮೀನುಗಳು ಪಾಚಿ ಕೆರೆಯಲು ಹೋಗುತ್ತವೆ. ಮತ್ತೆ ಹಸಿದಾಗ ಉಳಿದ ಮರಿಗಳ ಸರದಿ. ಮೊಟ್ಟೆಯೊಡೆದ ಸೊಳ್ಳೆ ರೆಕ್ಕೆ ಬಿಚ್ಚಲು ಒಂದು ವಾರ, ಹತ್ತು ದಿನ ಬೇಕು. ಅಷ್ಟು ದಿನ ತಪ್ಪಿಸಿಕೊಂಡು ಹಾರಿದ್ದನ್ನು ಈ ತೊಟ್ಟಿಯಲ್ಲಿ ನಾನು ಕಂಡಿಲ್ಲ.

ಹಳೆಯ ಬೆಂಗಳೂರಿನಲ್ಲಿ ನೀರು ದಿನ ಬಿಟ್ಟು ದಿನ ಬರುವುದರಿಂದ ಮನೆಮನೆಯಲ್ಲೂ ಡ್ರಮ್ಮು, ಸಂಪು, ಬಕೆಟ್ಟುಗಳಲ್ಲಿ ಹಿಡಿದಿಡುವ ರೂಢಿ. ಡೆಂಗಿ ಹರಡುವ ಈಡಿಸ್‌ಗೆ ಬೇಕಾದದ್ದೂ ಅಂಥ ತಿಳಿನೀರೇ. ಮಳೆ ಶುರುವಾದೊಡನೆ ಆರೋಗ್ಯ ಕಾರ್ಯಕರ್ತೆಯರು ಟಾರ್ಚು ಹಿಡಿದು ಬರುತ್ತಾರೆ. ಹಾಗೆ ಬಂದವರೊಬ್ಬರಿಗೆ ಮನೆಯೊಡತಿ ಹೇಳಿದರು: "ತೊಟ್ಟೀಲಿ ಮೀನಿದೆಯಮ್ಮ, ಅದಕ್ಕೆ ಔಷಧಿ ಹಾಕ್ಬೇಡ." ಆ ಹುಡುಗಿ ಬಗ್ಗಿ ನೋಡಿ, "ಮೀನಿದ್ರೆ ಹುಳ ಇರಲ್ಲ ಬಿಡಿ ಆಂಟಿ. ಆದ್ರೆ ಕುಂಡದ ತಟ್ಟೆ ನೋಡಿ, ಫ್ರಿಜ್ ಹಿಂದೆ ನೋಡಿ. ಅಲ್ಲಿಗೆ ಮೀನು ಹೋಗುತ್ತಾ?" ಅಂದಳು. ಅವಳ ಮಾತು ಸರಿ. ಈಡಿಸ್ ಮರಿ ಮಾಡುವ ನೀರಿನ ಬಹುಪಾಲು ಮೀನು ಬಿಡಲಾಗದಷ್ಟು ಚಿಕ್ಕದು: ತೆಂಗಿನ ಚಿಪ್ಪು, ಟೈರು, ಮುಚ್ಚಳ. ವಾರಕ್ಕೊಮ್ಮೆ ಅದನ್ನು ಚೆಲ್ಲಿ ಒಣಗಿಸುವ ಕೆಲಸ ನಮ್ಮದೇ.

ಮೀನಿಗೆ ತಕ್ಕ ನೀರಾದರೆ ಫಲ ಎಷ್ಟೆಂಬುದಕ್ಕೆ ಕೋಲಾರ ಸೀಮೆಯ ಬಾವಿಗಳು ಸಾಕ್ಷಿ. 1990ರ ದಶಕದಲ್ಲಿ ಮಲೇರಿಯಾ ಸಂಶೋಧನಾ ಸಂಸ್ಥೆಯ ಎಸ್. ಕೆ. ಘೋಷ್ ಮತ್ತು ಜೊತೆಗಾರರು ಕಾಮಸಮುದ್ರ ಸುತ್ತಿನ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಬಿಟ್ಟರು. ಅಲ್ಲಿ ರೋಗ ಹರಡುತ್ತಿದ್ದ ಅನಾಫಿಲಿಸ್ ಕ್ಯುಲಿಸಿಫೇಸೀಸ್ ಸೊಳ್ಳೆ ಮರಿ ಮಾಡುತ್ತಿದ್ದುದು ಮುಖ್ಯವಾಗಿ ಬಾವಿಗಳಲ್ಲೇ. ಸೊಳ್ಳೆ ತಗ್ಗಿತು, ಜ್ವರವೂ ತಗ್ಗಿತು. 2001ರಲ್ಲಿ ತುಮಕೂರು ಜಿಲ್ಲೆಯಲ್ಲಿ ಕಲಾಜಾಥಾ ತಂಡಗಳು ಹಾಡು, ನಾಟಕ ಕಟ್ಟಿ ಹಳ್ಳಿಹಳ್ಳಿಗೆ ಈ ಮೀನಿನ ಮಾತು ಮುಟ್ಟಿಸಿದವು. ಎಲ್ಲ ಊರಿಗೂ ಇದೇ ಲೆಕ್ಕ ಹಾಕಲಾಗದು. ಜಗತ್ತಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2013ರ ಕಾಕ್ರೇನ್ ವಿಮರ್ಶೆ, ಮೀನು ಬಿಟ್ಟರೆ ಮಲೇರಿಯಾ ಇಳಿಯುತ್ತದೆ ಎನ್ನಲು ನಂಬಬಹುದಾದ ಪುರಾವೆ ಸಾಲದೆಂದಿತು. ಸೊಳ್ಳೆ ಹುಟ್ಟುವ ನೀರು ಯಾವುದು, ಅದು ಎಷ್ಟು ಕಡೆ ಇದೆ, ಅಲ್ಲಿ ಮೀನು ಬದುಕುತ್ತದೆಯೇ ಎಂಬುದರ ಮೇಲೆ ಎಲ್ಲ ನಿಂತಿದೆ. ನಾಲ್ಕು ಕಡೆ ಕಲ್ಲು ಕಟ್ಟಿದ ಬಾವಿಗೆ, ತೊಟ್ಟಿಗೆ ಗಪ್ಪಿ ಹೇಳಿ ಮಾಡಿಸಿದ ಮೀನು.

ಕಲ್ಲಿನ ಕಟ್ಟೆ ಇಲ್ಲದ ಕಡೆ ಮಾತು ಬೇರೆ. ಬಸವನಗುಡಿ, ಚಾಮರಾಜಪೇಟೆಯ ಇಳಿಜಾರಿನ ಚರಂಡಿಗಳಲ್ಲಿ ನೀರು ನಿಧಾನವಾಗುವ ತಿರುವುಗಳನ್ನು ಬೆಳಗಿನ ಜಾವ ಬಗ್ಗಿ ನೋಡಿದರೆ ನೊರೆಯ ಅಂಚಿನಲ್ಲಿ ಗಪ್ಪಿಗಳು ಸಾಲಾಗಿ ಬಾಯಿ ಮೇಲಿಟ್ಟು ನಿಂತಿರುತ್ತವೆ. ರಾತ್ರಿ ಕಳೆಯುವಷ್ಟರಲ್ಲಿ ಕೊಳಚೆಯಲ್ಲಿ ಆಮ್ಲಜನಕ ಇಲ್ಲದಂತಾಗುತ್ತದೆ. ಗಾಳಿ ತಾಗುವ ಮೇಲಿನ ತೆಳುಪದರದಲ್ಲಿ ಮಾತ್ರ ಸ್ವಲ್ಪ ಉಳಿದಿರುತ್ತದೆ. ಮೇಲ್ಮುಖದ ಬಾಯಿ ಆ ಪದರವನ್ನೇ ಹೀರಿ ಕಿವಿರಿಗೆ ಒದಗಿಸುತ್ತದೆ. ಬೇರೆ ಮೀನು ಬದುಕದ ಕಡೆ ಗಪ್ಪಿ ಬದುಕುವ ಗುಟ್ಟು ಇಲ್ಲಿದೆ. ಚರಂಡಿಯಲ್ಲಿ ಮೀನು ಕಂಡು ನೀರು ಅಷ್ಟೇನೂ ಕೆಟ್ಟಿಲ್ಲ ಎಂದುಕೊಳ್ಳುವವರಿದ್ದಾರೆ. ಗಪ್ಪಿ ಇದೆಯೆಂಬುದು ನೀರಿನ ಒಳ್ಳೆಯತನಕ್ಕೆ ಗುರುತಲ್ಲ. ಗಪ್ಪಿ ಒಂದೇ ಇದ್ದು ಮಿಕ್ಕ ಯಾವ ಮೀನೂ ಇಲ್ಲವೆಂದರೆ ಆ ನೀರು ಕೆಟ್ಟಿದೆ ಎಂದೇ ತಿಳಿಯಬೇಕು.

ಈ ಚರಂಡಿಗಳು ಕೆಂಪಾಂಬುಧಿ ಕೆರೆಯ ಆಸುಪಾಸಿನಿಂದ ವೃಷಭಾವತಿಗೆ ಸೇರುತ್ತವೆ. ವೃಷಭಾವತಿ ಅರ್ಕಾವತಿಯನ್ನು, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಹಿತ್ತಿಲಿನ ತೊಟ್ಟಿಗೂ ಕಾವೇರಿಗೂ ನಡುವೆ ಇರುವುದು ಇಳಿಜಾರು ಮಾತ್ರ. ಹೆಚ್ಚಾದ ಮೀನನ್ನು ಕೊಲ್ಲಲು ಮನಸ್ಸಾಗದೆ ಬಚ್ಚಲಿಗೆ ಸುರಿದವರು, ಪುಣ್ಯದ ಕೆಲಸವೆಂದು ಕೆರೆಗೆ ಬಿಟ್ಟವರು ಎಷ್ಟೋ ಜನ. ಒಂದು ಬಸುರಿ ಹೆಣ್ಣು ಸಾಕು. ಟ್ರಿನಿಡಾಡಿನಲ್ಲಿ ಏಮಿ ಡೀಕನ್, ಇಂದಾರ್ ರಾಮ್‌ನರೈನ್, ಆನ್ ಮಗುರನ್ ಅವರು ಬಯಲಿನ ತೊಟ್ಟಿಗಳಿಗೆ ಒಂದೊಂದೇ ಹೆಣ್ಣು ಗಪ್ಪಿಯನ್ನು ಬಿಟ್ಟು ಎರಡು ವರ್ಷ ಕಾದರು. ಬಹುಪಾಲು ತೊಟ್ಟಿಗಳಲ್ಲಿ ಆ ಒಂಟಿ ಹೆಣ್ಣಿನಿಂದಲೇ ಸಂತಾನ ಬೆಳೆದು ನಿಂತಿತ್ತು. 2011ರ ಆ ಬರಹದ ಪ್ರಕಾರ ತವರಿನಾಚೆಗೆ ಕನಿಷ್ಠ 69 ದೇಶಗಳಲ್ಲಿ ಗಪ್ಪಿ ನೆಲೆಯೂರಿದೆ. ಗ್ಯಾಂಬೂಸಿಯ ಇನ್ನೂ ಒರಟು. ಇತರ ಮೀನುಗಳ ರೆಕ್ಕೆ ಕಚ್ಚಿ ಹರಿಯುತ್ತದೆ, ಗೊದಮೊಟ್ಟೆಗಳನ್ನು ತಿನ್ನುತ್ತದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಕಾವೇರಿ ಬಯಲಿಗೆ ತನ್ನದೇ ಆದ ಚಿಕ್ಕ ಮೀನುಗಳುಂಟು. ಜೆರ್ಡಾನ್ 1849ರಲ್ಲಿ ವರ್ಣಿಸಿದ ಅರೂಲಿಯಸ್ ಎಂಬ ಮೀನು ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಬೇರೆಲ್ಲೂ ಹುಟ್ಟಿಲ್ಲ. ಕಪ್ಪು ಮಚ್ಚೆಗಳ ಮೇಲೆ ನೇರಳೆ ಮಿಂಚು ಹಾಯುವ ಚೆಲುವಾದ ಮೀನು ಅದು. 1941ರಲ್ಲಿ ಭೀಮಾಚಾರ್ ಮತ್ತು ಸುಬ್ಬರಾವ್ ಮೈಸೂರು ಸಂಸ್ಥಾನದ ಮೀನುಗಳನ್ನು ದಾಖಲಿಸಲು ಕಡೂರು ಜಿಲ್ಲೆಯಿಂದ ಮೊದಲುಮಾಡಿದರು. ನಮ್ಮ ಹಳ್ಳಗಳಲ್ಲಿ ಏನೇನಿತ್ತೆಂದು ತಿಳಿಯಲು ಅಂಥ ಕೆಲಸವೇ ಇಂದಿಗೂ ಆಧಾರ. ಸೊಳ್ಳೆಮರಿ ತಿನ್ನುವ ಮೀನೂ ನಮ್ಮಲ್ಲಿ ಮೊದಲಿನಿಂದ ಇತ್ತು. ಮಲೆನಾಡಿನ, ಕರಾವಳಿಯ ಗದ್ದೆಕಾಲುವೆಗಳಲ್ಲಿ ನೀರಿನ ಮೇಲ್ಮೈಗೆ ಒತ್ತಿ ನಿಂತಿರುವ ಚಪ್ಪಟೆ ತಲೆಯ ಅಪ್ಲೋಕೈಲಸ್ ಮೀನುಗಳನ್ನು ಮೇಲಿನಿಂದ ನೋಡಿದರೆ ಗುರುತು ಹಿಡಿಯುವುದು ಸುಲಭ. ತಲೆಯ ನಡುವೆ ಒಂದು ಬೆಳ್ಳಿಚುಕ್ಕೆ ಹೊಳೆಯುತ್ತಿರುತ್ತದೆ. ಇದೇ ಕುಲದ ಬ್ಲಾಕೀ ಎಂಬ ಪುಟ್ಟ ಪ್ರಭೇದವನ್ನು 1990ರ ದಶಕದಲ್ಲಿ ಗೋವಾದಲ್ಲಿ ಸ್ಟೀಫೆನ್ಸೀ ಸೊಳ್ಳೆಯ ವಿರುದ್ಧ ಬಳಸಿ ನೋಡಿದ್ದಾರೆ. ಹೊರಗಿನಿಂದ ಮೀನು ತರುವ ಮೊದಲು ಊರಿನ ಮೀನನ್ನು ಸಾಕಿ ಹಂಚುವ ಕೆಲಸಕ್ಕೆ ನಾವು ಕೈಹಾಕಬೇಕಿತ್ತು. ಈಗಲೂ ತಡವಾಗಿಲ್ಲ. ಕೆರೆ, ಹಳ್ಳ, ಗದ್ದೆಗೆ ಮೀನು ಬಿಡಲೇಬೇಕೆಂದರೆ ಆಯಾ ಹೊಳೆಯ ಬಯಲಿನದೇ ಆದ ಮೀನನ್ನು ಬಿಡಬೇಕು.

ಮನೆಯ ತೊಟ್ಟಿಗೆ, ಬಳಸದ ಬಾವಿಗೆ ಮಾತ್ರ ಗಪ್ಪಿಯೇ ಇರಲಿ. ಅದು ಕಟ್ಟೆ ದಾಟದಂತೆ ನೋಡಿಕೊಳ್ಳುವುದು ಕಷ್ಟದ ಕೆಲಸವಲ್ಲ. ಮಳೆಗಾಲಕ್ಕೆ ಮುಂಚೆ, ತುಂಬಿ ಹರಿಯುವ ತೂಬಿಗೆ ಸೊಳ್ಳೆಪರದೆಯ ಒಂದು ತುಂಡನ್ನು ಬಿಗಿಯಾಗಿ ಕಟ್ಟಿ. ಹುಟ್ಟಿದ ದಿನದ ಮರಿಯೂ ಅದರ ಕಣ್ಣಿನಲ್ಲಿ ನುಸುಳಲಾರದು. ತೊಟ್ಟಿ ತೊಳೆಯುವ ದಿನ ಮೀನನ್ನೆಲ್ಲ ಬಕೆಟ್ಟಿಗೆ ಹಿಡಿದಿಟ್ಟುಕೊಳ್ಳಿ. ಕೊಳೆನೀರನ್ನು ಚರಂಡಿಗೆ ಬಿಡದೆ ತೆಂಗಿನ ಬುಡಕ್ಕೆ ಹಾಕಿ, ಗಿಡಕ್ಕೆ ಅದು ಒಳ್ಳೆಯ ಗೊಬ್ಬರ. ಮೀನು ಹೆಚ್ಚಾದರೆ ತೊಟ್ಟಿ, ಬಾವಿ ಇರುವ ನೆರೆಮನೆಗೆ ಕೊಡಿ. ಸ್ಯಾಂಕಿ ಕೆರೆಗೋ ಕೆಂಪಾಂಬುಧಿಗೋ ಒಯ್ದು ಬಿಡಬೇಡಿ. ಒಂದು ಹೆಣ್ಣು ಗಪ್ಪಿಯ ಹೊಟ್ಟೆಯಲ್ಲಿ ಒಂದು ಕೆರೆಗೆ ಸಾಕಾಗುವಷ್ಟು ಸಂತಾನವಿದೆ.